ನಾಲ್ವರು ಗೆಳೆಯರ ಒಂದು ಹಾಡು

1997ರ ಜೂನ್‌ನಲ್ಲಿ ಹಾಡುಗಾರ ಲಾರೆನ್ಸ್ ಪೇಟನ್ ಕ್ಯಾನ್ಸರ್‌ನಿಂದ ತೀರಿಕೊಂಡರು. ಉಳಿದ ಮೂವರು ಗೆಳೆಯರು ಮತ್ತೆ ವೇದಿಕೆ ಏರಿದಾಗ ತಂಡದ ಹೆಸರಿನಲ್ಲಿ ಒಂದು ಪದ ಕಡಿಮೆಯಾಗಿತ್ತು. 'ಫೋರ್ ಟಾಪ್ಸ್' ಹೋಗಿ ಬರೀ 'ಟಾಪ್ಸ್' ಉಳಿದಿತ್ತು. 44 ವರ್ಷ ಒಬ್ಬರೂ ಬದಲಾಗದೆ ಒಟ್ಟಿಗೆ ಹಾಡಿದ್ದವರಿಗೆ ನಾಲ್ಕನೆಯವನಿಲ್ಲದೆ ನಾಲ್ಕು ಎಂದು ಹೇಳಿಕೊಳ್ಳಲು ಬಾಯಿ ಬರಲಿಲ್ಲ.

ಅಮೆರಿಕದ ಕಾರು ಕಾರ್ಖಾನೆಗಳ ಊರು ಡೆಟ್ರಾಯಿಟ್. 1953ರ ಸುಮಾರಿಗೆ ಅಲ್ಲಿನ ನಾಲ್ವರು ಹೈಸ್ಕೂಲು ಹುಡುಗರು ಗೆಳೆಯರ ಪಾರ್ಟಿಯೊಂದರಲ್ಲಿ ದನಿಗೂಡಿಸಿದರು. ಲೀವೈ ಸ್ಟಬ್ಸ್‌ರದು ತುಂಬುಗಂಟಲಿನ ಬ್ಯಾರಿಟೋನ್. ರೆನಾಲ್ಡೊ 'ಓಬಿ' ಬೆನ್ಸನ್ ಮಂದ್ರದ ದನಿ. ಅಬ್ದುಲ್ 'ಡ್ಯೂಕ್' ಫಕೀರ್ ಎಲ್ಲರಿಗಿಂತ ಮೇಲಿನ ಟೆನರ್. ಇನ್ನೊಬ್ಬ ಟೆನರ್ ಪೇಟನ್, ಯಾರ ದನಿ ಯಾವ ಸ್ವರದಲ್ಲಿ ನಿಲ್ಲಬೇಕೆಂದು ಗೊತ್ತುಮಾಡುತ್ತಿದ್ದವರೂ ಅವರೇ. ಫಕೀರ್‌ರ ತಂದೆ ಇಂದಿನ ಬಾಂಗ್ಲಾದೇಶದ ಸಿಲ್ಹೆಟ್‌ನಿಂದ ವಲಸೆ ಬಂದ ಕಾರ್ಖಾನೆ ಕೆಲಸಗಾರ. ತಾಯಿ ಚರ್ಚಿನಲ್ಲಿ ಪಿಯಾನೊ ನುಡಿಸುತ್ತಿದ್ದವರು. ತಂಡದ ಮೊದಲ ಹೆಸರು 'ಫೋರ್ ಏಮ್ಸ್'. ಆಗಲೇ ಪ್ರಸಿದ್ಧರಾಗಿದ್ದ ಏಮ್ಸ್ ಬ್ರದರ್ಸ್ ಜೊತೆ ಗೊಂದಲವಾಗಬಾರದೆಂದು 1956ರಲ್ಲಿ ಅದು 'ಫೋರ್ ಟಾಪ್ಸ್' ಆಯಿತು.

ಹತ್ತು ವರ್ಷ ಯಶಸ್ಸು ಇವರತ್ತ ಸುಳಿಯಲಿಲ್ಲ. ಚೆಸ್, ಕೊಲಂಬಿಯಾ, ರಿವರ್‌ಸೈಡ್ ರೆಕಾರ್ಡ್ ಕಂಪನಿಗಳಿಗೆ ಹಾಡಿದರೂ ಯಾವ ಹಾಡೂ ಹೆಸರು ಮಾಡಲಿಲ್ಲ. ನೈಟ್‌ಕ್ಲಬ್‌ಗಳಲ್ಲಿ ಜಾಝ್ ಹಾಡುತ್ತ, ಬಿಲ್ಲಿ ಎಕ್‌ಸ್ಟೈನ್‌ರಂಥ ಗಾಯಕರ ಜೊತೆ ಊರೂರು ತಿರುಗುತ್ತ ಹೊಟ್ಟೆ ಹೊರೆದರು. ಆ ತಿರುಗಾಟ ಅವರ ಗಂಟಲನ್ನು ಪಳಗಿಸಿತು. 1963ರಲ್ಲಿ ಬೆರ್ರಿ ಗೋರ್ಡಿಯವರ ಮೋಟೌನ್ ಕಂಪನಿಗೆ ಕಾಲಿಟ್ಟಾಗ ಅವರು ಮಾಗಿದ ಹಾಡುಗಾರರು.

ಡೆಟ್ರಾಯಿಟ್‌ನ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ರಸ್ತೆಯ ಸಾಧಾರಣ ಮನೆಯೊಂದು ಮೋಟೌನ್‌ನ ಕಚೇರಿಯೂ ಆಗಿತ್ತು, ಸ್ಟುಡಿಯೊವೂ ಆಗಿತ್ತು. ಇವರಿಗೆ ಹಾಡು ಕಟ್ಟಿಕೊಟ್ಟವರು ಬ್ರಯಾನ್ ಹಾಲೆಂಡ್, ಲೆಮಾಂಟ್ ಡೋಜಿಯರ್, ಎಡ್ಡಿ ಹಾಲೆಂಡ್ ಎಂಬ ತ್ರಿವಳಿ. ಅವರು ಬೇಕೆಂದೇ ಸ್ಟಬ್ಸ್‌ರ ಗಂಟಲಿಗೆ ಸಲೀಸಾದ ಶ್ರುತಿಗಿಂತ ಮೇಲೆ ಹಾಡು ಕೂರಿಸುತ್ತಿದ್ದರು. ಭಾರವಾದ ದನಿ ತಾರಕಕ್ಕೆ ಏರಲು ಹೆಣಗುವಾಗ ಹುಟ್ಟುವ ಆರ್ತತೆಯೇ ಅವರಿಗೆ ಬೇಕಾಗಿದ್ದದ್ದು. ಸ್ಟಬ್ಸ್ ಪ್ರೇಮಗೀತೆ ಹಾಡಿದರೂ ಅದು ಮೊರೆಯಂತೆ ಕೇಳುವುದು ಇದರಿಂದಲೇ. ಕಪ್ಪು ಜನರ ಚರ್ಚುಗಳಲ್ಲಿ ಒಬ್ಬರು ಕೂಗಿ ಹೇಳಿದರೆ ಸಭೆಯೆಲ್ಲ ಓಗೊಡುತ್ತದೆ. ಇವರು ಹಾಡುತ್ತಿದ್ದ ಸೋಲ್ ಸಂಗೀತದ ಬೇರು ಆ ಓಗೊಡುವಿಕೆಯಲ್ಲಿದೆ. ಸ್ಟಬ್ಸ್ ಕರೆದಾಗ ಹಿಂದಿನ ಮೂವರು ಅವರ ಕೈಬಿಡದೆ ಓಗೊಟ್ಟರು. ಅನೇಕ ಹಾಡುಗಳಲ್ಲಿ 'ಆಂಡಾಂಟೀಸ್' ಎಂಬ ಮೂವರು ಹೆಣ್ಣುಮಕ್ಕಳ ದನಿಯೂ ಆ ಹಿಮ್ಮೇಳಕ್ಕೆ ಸೇರಿತ್ತು; ಗ್ರಾಮಫೋನ್ ತಟ್ಟೆಗಳ ಮೇಲೆ ಅವರ ಹೆಸರು ಅಚ್ಚಾಗಲಿಲ್ಲ.

1965ರಲ್ಲಿ 'ಐ ಕಾಂಟ್ ಹೆಲ್ಪ್ ಮೈಸೆಲ್ಫ್' ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮರುವರ್ಷ ಬಂದದ್ದು 'ರೀಚ್ ಔಟ್ ಐ'ಲ್ ಬಿ ದೇರ್'. ಕೊಳಲಿನ ಎಳೆ, ಕುದುರೆಯ ಖುರಪುಟದಂಥ ತಾಳ, ಜೇಮ್ಸ್ ಜೇಮರ್ಸನ್‌ರ ಬಾಸ್ ಗಿಟಾರು; ಅದರ ಮೇಲೆ ಅರ್ಧ ಮಾತು, ಅರ್ಧ ಕೂಗಾಗಿ ಸ್ಟಬ್ಸ್. ಬಾಬ್ ಡಿಲನ್ ಹಾಡುವ ಧಾಟಿ ತಮ್ಮ ಮನಸ್ಸಿನಲ್ಲಿತ್ತೆಂದು ಡೋಜಿಯರ್ ಮುಂದೆ ಹೇಳಿಕೊಂಡಿದ್ದಾರೆ. ಈ ಹೊಸ ಪ್ರಯೋಗ ಬಿಡುಗಡೆಗೆ ತಕ್ಕದ್ದಲ್ಲವೆಂದು ತಂಡದವರೇ ಹಿಂಜರಿದರು. ಗೋರ್ಡಿ ಕೇಳಲಿಲ್ಲ. ಅಮೆರಿಕ, ಬ್ರಿಟನ್ ಎರಡರಲ್ಲೂ ಅದು ಮೊದಲ ಸ್ಥಾನಕ್ಕೆ ಬಂತು.

ಆ ಹೊತ್ತಿಗೆ ಮೋಟೌನ್‌ನಲ್ಲಿ ಮುಖ್ಯ ಗಾಯಕರ ಹೆಸರನ್ನು ಮುಂದಿಡುವ ರೂಢಿ ಶುರುವಾಗಿತ್ತು. ಅಲ್ಲಿನ ಇನ್ನೊಂದು ತಂಡದ ಹೆಸರು 'ಸುಪ್ರೀಮ್ಸ್' ಹೋಗಿ 'ಡಯಾನಾ ರಾಸ್ ಅಂಡ್ ದ ಸುಪ್ರೀಮ್ಸ್' ಆಯಿತು. ಸ್ಟಬ್ಸ್ ಮಾತ್ರ ತಮ್ಮ ಹೆಸರು ಗೆಳೆಯರ ಹೆಸರಿಗಿಂತ ಮುಂದೆ ಬರಲು ಒಪ್ಪಲಿಲ್ಲ. ಎಲ್ಲರ ಕಿವಿಗೆ ಬೀಳುವುದು ತಮ್ಮ ದನಿಯೇ ಆಗಿದ್ದರೂ ಹಾಡು ನಾಲ್ವರದು ಎಂದು ಅವರು ನಂಬಿದ್ದರು. ಮನುಷ್ಯನ ದೊಡ್ಡತನ ಇಂಥಲ್ಲಿ ಕಾಣುತ್ತದೆ ಎಂದು ನನಗನ್ನಿಸುತ್ತದೆ.

ಹಿಂದೆ ನಿಂತವರೂ ಸಣ್ಣವರಲ್ಲ. 1969ರಲ್ಲಿ ಪ್ರವಾಸದಲ್ಲಿದ್ದ ಬೆನ್ಸನ್ ಬರ್ಕ್ಲಿಯಲ್ಲಿ ಪೊಲೀಸರು ಯುವ ಪ್ರತಿಭಟನಕಾರರನ್ನು ಬಡಿಯುವುದನ್ನು ಕಣ್ಣಾರೆ ಕಂಡರು. ಆ ಸಂಕಟದಿಂದ ಒಂದು ಹಾಡು ಮೊಳೆಯಿತು. ಪ್ರತಿಭಟನೆಯ ಹಾಡು ತಮಗೆ ಬೇಡವೆಂದರು ಸಂಗಡಿಗರು. ಗೀತಕಾರ ಆಲ್ ಕ್ಲೀವ್‌ಲ್ಯಾಂಡ್ ಮತ್ತು ಗಾಯಕ ಮಾರ್ವಿನ್ ಗೇ ಕೈಗೂಡಿಸಿದರು. ಗೇ ದನಿಯಲ್ಲಿ ಬಂದ 'ವಾಟ್ಸ್ ಗೋಯಿಂಗ್ ಆನ್' ಅಮೆರಿಕದ ಮನಸ್ಸಾಕ್ಷಿಯ ಹಾಡಾಯಿತು.

1972ರಲ್ಲಿ ಮೋಟೌನ್ ಲಾಸ್ ಏಂಜಲಿಸ್‌ಗೆ ಗಂಟುಮೂಟೆ ಕಟ್ಟಿತು. ಟಾಪ್ಸ್ ಡೆಟ್ರಾಯಿಟ್ ಬಿಡಲಿಲ್ಲ, ಕಂಪನಿ ಬಿಟ್ಟರು. ಮರುವರ್ಷವೇ 'ಏಂಟ್ ನೋ ವುಮನ್' ನಾಲ್ಕನೇ ಸ್ಥಾನ ತಲುಪಿತು. 1981ರಲ್ಲಿ 'ವೆನ್ ಶಿ ವಾಸ್ ಮೈ ಗರ್ಲ್' ಅವರನ್ನು ಮತ್ತೆ ಕೇಳುಗರ ನಡುವೆ ತಂದಿತು. 1990ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವವೂ ಸಂದಿತು.

ಪೇಟನ್ ಹೋದ ಮರುವರ್ಷ ಹೊಸ ಗಾಯಕ ಸೇರಿ, 'ಫೋರ್' ಪದ ಹೆಸರಿಗೆ ಮರಳಿತು. 2005ರಲ್ಲಿ ಬೆನ್ಸನ್, 2008ರಲ್ಲಿ ಸ್ಟಬ್ಸ್ ಹೋದರು. ಕೊನೆಯವರಾಗಿ ಉಳಿದ ಫಕೀರ್ ಎಂಬತ್ತು ದಾಟಿದ ಮೇಲೂ ಹೊಸಬರ ನಡುವೆ ನಿಂತು ಹಾಡಿದರು. 2024ರ ಜುಲೈನಲ್ಲಿ, 88ರ ವಯಸ್ಸಿನಲ್ಲಿ, ಡೆಟ್ರಾಯಿಟ್‌ನಲ್ಲೇ ಕಣ್ಣುಮುಚ್ಚಿದರು. ಅವರ ಜೊತೆ ಹಾಡುತ್ತಿದ್ದ ಹೊಸಬರಲ್ಲಿ ಒಬ್ಬರು ಪೇಟನ್‌ರ ಮಗ. ಅಪ್ಪ ಹೋದಾಗ ಹೆಸರಿನಿಂದ ಬಿಟ್ಟುಹೋಗಿದ್ದ ಆ ಎಣಿಕೆಯನ್ನು ಈಗ ಮಗನೂ ಸೇರಿ ತುಂಬುತ್ತಿದ್ದಾನೆ.