ಒಂದು ಅಕ್ಷರ, ಒಂದು ಮಾತ್ರೆ

ಜಪಾನಿನ ನಗರಗಳಲ್ಲಿ ಆಟದ ಯಂತ್ರಗಳನ್ನು ಸಾಲಾಗಿ ಇರಿಸಿದ ಮಳಿಗೆಗಳುಂಟು. ಅಂಥ ಮಳಿಗೆಯ ಮುಂದೆ ಹಾದುಹೋಗುವವನ ಕಿವಿಗೆ ಎಷ್ಟೋ ವೇಳೆ ಮೊದಲು ಬೀಳುವುದು ಡೋಲಿನ ಸದ್ದು. ಒಳಗೆ ಇಣುಕಿದರೆ ಅಕ್ಕಪಕ್ಕದಲ್ಲಿ ನಿಲ್ಲಿಸಿದ ಎರಡು ಡೋಲುಗಳು, ಅವುಗಳೆದುರಿಗೆ ಒಂದು ಪರದೆ. ಸಂಗೀತ ಆರಂಭವಾದೊಡನೆ ಪರದೆಯ ಬಲಗಡೆಯಿಂದ ಎಡಗಡೆಗೆ ಕೆಂಪು ಮತ್ತು ನೀಲಿ ಬಿಲ್ಲೆಗಳು ಒಂದರ ಹಿಂದೊಂದು ಹರಿದುಬರುತ್ತವೆ. ಕೆಂಪು ಬಿಲ್ಲೆಯು ಗುರುತಿನ ವರ್ತುಲವನ್ನು ಹೊಕ್ಕ ಕ್ಷಣದಲ್ಲಿ ಡೋಲಿನ ನಡುಭಾಗಕ್ಕೂ, ನೀಲಿ ಬಿಲ್ಲೆಯು ಹೊಕ್ಕ ಕ್ಷಣದಲ್ಲಿ ಅದರ ಅಂಚಿಗೂ ಕೋಲಿನ ಪೆಟ್ಟು ಬೀಳಬೇಕು. ಮುಂಚೆ ಬಿದ್ದರೂ ತಪ್ಪು, ತಡವಾಗಿ ಬಿದ್ದರೂ ತಪ್ಪು. ‘ತೈಕೊ ನೊ ತತ್ಸುಜಿನ್’, ಎಂದರೆ ಡೋಲಿನಲ್ಲಿ ನಿಷ್ಣಾತ, ಎಂಬ ಹೆಸರಿನ ಈ ಆಟವನ್ನು ನಾಮ್ಕೊ ಸಂಸ್ಥೆಯು 2001ರಲ್ಲಿ ಹೊರತಂದಿತು. ಬಳಿಕ ಅದು ಮನೆಯಲ್ಲಿ ಆಡುವ ಯಂತ್ರಗಳಿಗೂ ಬಂದಿತು.

ಆ ಬಿಲ್ಲೆಗಳ ಅಡಿಯಲ್ಲಿ ಚಿಕ್ಕ ಅಕ್ಷರಗಳಿರುತ್ತವೆ. ಕೆಂಪಿನ ಕೆಳಗೆ ‘ದೊನ್’. ಬೇಗಬೇಗನೆ ಬರುವ ಕೆಂಪುಗಳ ಕೆಳಗೆ ‘ದೊ’, ‘ಕೊ’. ನೀಲಿಯ ಕೆಳಗೆ ‘ಕ’ ಅಥವಾ ‘ಕತ್’. ಇವು ಡೋಲಿನ ಬಾಯಿಪಾಠದ ಸೊಲ್ಲುಗಳು. ನಮ್ಮ ಮೃದಂಗದ ವಿದ್ಯಾರ್ಥಿಯು ‘ತ ಧಿ ತೊಂ ನಂ’ ಎಂದು ಬಾಯಲ್ಲಿ ಹೇಳಿ ಕೈಯಲ್ಲಿ ನುಡಿಸುವಂತೆ ಜಪಾನಿನ ಡೋಲುಗಾರನೂ ಪಾಠವನ್ನು ಮೊದಲು ಬಾಯಲ್ಲಿ ಹೇಳಿಕೊಳ್ಳುತ್ತಾನೆ; ಈ ಪದ್ಧತಿಗೆ ಕುಚಿ-ಶೋಗ ಎಂದು ಹೆಸರು. ಜಪಾನಿಯ ಗಂಧವೇ ಇಲ್ಲದ ಪರದೇಶಿಯೊಬ್ಬನು ಈ ಆಟವನ್ನು ಒಂದು ವಾರ ಆಡಿದನೆನ್ನಿ. ಕೆಂಪಿನ ಕೆಳಗಿನ ಆ ಎರಡು ಅಕ್ಷರಗಳನ್ನು ಅವನು ಸಾವಿರಾರು ಸಲ ಕಂಡಿರುತ್ತಾನೆ, ಕಂಡಾಗಲೆಲ್ಲ ‘ದೊನ್’ ಎಂಬ ಸದ್ದನ್ನು ಕೇಳಿರುತ್ತಾನೆ. ಕಲಿಯಬೇಕೆಂಬ ಸಂಕಲ್ಪವಿಲ್ಲದೆಯೇ ಅವನಿಗೆ ನಾಲ್ಕಾರು ಅಕ್ಷರಗಳು ಬಂದುಬಿಟ್ಟಿರುತ್ತವೆ.

ಈ ವಿಷಯದ ಕಡೆಗೆ ನಮ್ಮ ಗಮನ ಹರಿದುದು ಮನೆಯೊಳಗಿನ ಒಂದು ತಕರಾರಿನಿಂದ. ನಮ್ಮ ಅಕ್ಕನ ಮಗನು ಡಿಪ್ಲೊಮಾ ಮುಗಿಸಿ, ಜಪಾನಿನ ಕಾರ್ಖಾನೆಯೊಂದರಲ್ಲಿ ಕೆಲಸ ದೊರಕುವ ಸಂಭವವಿದೆಯೆಂದು ಆ ಭಾಷೆಯನ್ನು ಕಲಿಯತೊಡಗಿದ್ದ. ತರಗತಿಗೆ ಹಣ ಕಟ್ಟಿದ್ದಾಗಿತ್ತು; ಪರೀಕ್ಷೆಗೆ ಉಳಿದಿದ್ದುದು ನಾಲ್ಕೇ ತಿಂಗಳು. ಆದರೆ ಹುಡುಗನ ಕೈಯಲ್ಲಿ ಪುಸ್ತಕಕ್ಕಿಂತ ಫೋನೇ ಹೆಚ್ಚಾಗಿ ಕಾಣಿಸುತ್ತಿತ್ತು. ಕಿವಿಗೆ ತಂತಿ ಸಿಕ್ಕಿಸಿಕೊಂಡು, ಹೆಬ್ಬೆರಳಿನಿಂದ ಪರದೆಯನ್ನು ಟಪಟಪನೆ ಬಡಿಯುತ್ತ ಕುಳಿತಿರುವನು. ಕೇಳಿದರೆ ‘ಅಕ್ಷರ ಕಲಿಯುತ್ತಿದ್ದೇನೆ’ ಎನ್ನುವನು. ‘ಇದು ಓದೋ ಆಟವೋ, ನೀನೇ ನೋಡಿ ಹೇಳಪ್ಪ’ ಎಂದು ಅಕ್ಕ ನಮ್ಮನ್ನು ಕರೆಸಿದಳು.

ನೋಡಿದೆವು. ಅದು ಜಪಾನಿ ಅಕ್ಷರಗಳನ್ನು ಕಲಿಸಲೆಂದೇ ರಚಿತವಾದ ತಾಳದಾಟ. ಪರದೆಯ ಮೇಲೆ ಒಂದು ಪುಟ್ಟ ಬೊಂಬೆ ಓಡುತ್ತಿರುತ್ತದೆ. ಸಂಗೀತದ ನಡೆಗೆ ಸರಿಯಾಗಿ ಧ್ವನಿಯೊಂದು ‘ಕ, ಕಿ, ಕ, ಕು’ ಎಂದು ನಾಲ್ಕು ಅಕ್ಷರಗಳನ್ನು ಉಚ್ಚರಿಸುತ್ತದೆ; ಮುಂದಿನ ಆವರ್ತದಲ್ಲಿ ಅದೇ ಲಯದಲ್ಲಿ ಅದೇ ಅಕ್ಷರಗಳನ್ನು ಆರಿಸಿ ಮುಟ್ಟಬೇಕು. ಮುಟ್ಟಿದರೆ ಬೊಂಬೆ ಹಾರಿ ಅಡ್ಡಿಯನ್ನು ದಾಟುತ್ತದೆ, ತಪ್ಪಿದರೆ ಎಡವುತ್ತದೆ. ನಾವೂ ಎರಡು ವಾರ ಆಡಿದೆವು. ತೀರ್ಪು ಕೊಡುವವನು ಸಾಕ್ಷ್ಯವನ್ನು ಪರೀಕ್ಷಿಸಬೇಕಷ್ಟೆ!

ಓದುಗರಿಗೆ ಜಪಾನಿ ಬರವಣಿಗೆಯ ಸ್ಥೂಲ ಪರಿಚಯ ಇಲ್ಲಿ ಅವಶ್ಯ. ಅದರಲ್ಲಿ ಮೂರು ಬಗೆಯ ಅಕ್ಷರಗಳು ಬೆರೆತಿವೆ. ಚೀನದಿಂದ ಬಂದ, ಅರ್ಥವನ್ನು ಸೂಚಿಸುವ ಕಂಜಿಗಳು ಒಂದು ಬಗೆ. ಧ್ವನಿಯನ್ನು ಮಾತ್ರ ಸೂಚಿಸುವ ಹಿರಗನ ಮತ್ತು ಕತಕನ ಉಳಿದೆರಡು. ಇವೆರಡಕ್ಕೂ ಸೇರಿ ‘ಕನ’ ಎಂದು ಹೆಸರು. ಕಂಜಿಯನ್ನು ಓಟದ ಬರಹದಲ್ಲಿ ಬಳಸಿ ಬಳಸಿ ಸವೆದುಬಂದುದು ಹಿರಗನ. ಕಂಜಿಯ ಒಂದು ತುಣುಕನ್ನು ಮುರಿದುಕೊಂಡದ್ದು ಕತಕನ. ಒಂದೊಂದರಲ್ಲಿಯೂ ಮೂಲಾಕ್ಷರಗಳು 46. ಒಂದೇ ಧ್ವನಿಗೆ ಹಿಂದೆ ಹಲವು ರೂಪಗಳು ಬಳಕೆಯಲ್ಲಿದ್ದುವು. 1900ರಲ್ಲಿ ಸರ್ಕಾರವು ಶಾಲೆಗಳಿಗಾಗಿ ಒಂದೊಂದು ಧ್ವನಿಗೆ ಒಂದೊಂದೇ ರೂಪವನ್ನು ಗೊತ್ತುಮಾಡಿತು.

ಈ ಅಕ್ಷರಗಳ ಅನುಕ್ರಮವನ್ನು ಕೇಳಿದ ಕನ್ನಡಿಗನು ಒಂದು ಕ್ಷಣ ಬೆರಗಾಗದಿರನು: ಅ, ಇ, ಉ, ಎ, ಒ, ಅನಂತರ ಕ, ಸ, ತ, ನ, ಹ, ಮ, ಯ, ರ, ವ ಎಂಬ ಸಾಲುಗಳು. ನಮ್ಮ ವರ್ಣಮಾಲೆಯ ನೆರಳು ಇಲ್ಲಿ ಸ್ಪಷ್ಟವಾಗಿದೆ, ಮತ್ತು ಅದು ಆಕಸ್ಮಿಕವಲ್ಲ. ಬೌದ್ಧಗ್ರಂಥಗಳೊಡನೆ ಸಿದ್ಧಂ ಎಂಬ ಭಾರತೀಯ ಲಿಪಿಯು ಚೀನದ ಮಾರ್ಗವಾಗಿ ಜಪಾನನ್ನು ಮುಟ್ಟಿತು. 806ರಲ್ಲಿ ಚೀನದಿಂದ ಮರಳಿದ ಕೂಕೈ ಎಂಬ ಭಿಕ್ಷುವು ಅದರ ಅಧ್ಯಯನವನ್ನು ಅಲ್ಲಿ ಬೇರೂರಿಸಿದವರಲ್ಲಿ ಪ್ರಮುಖ. ಅಕ್ಷರಗಳನ್ನು ಉಚ್ಚಾರಣೆಯ ಸ್ಥಾನಕ್ಕನುಗುಣವಾಗಿ ಜೋಡಿಸುವ ಕ್ರಮವನ್ನು ಜಪಾನಿನ ಭಿಕ್ಷುಗಳು ಆ ಅಧ್ಯಯನದಿಂದ ಪಡೆದರು. ‘ಹ’ ಸಾಲು ‘ಮ’ದ ಹಿಂದೆ ಏಕೆ ನಿಂತಿದೆ? ಅದರ ಉಚ್ಚಾರ ಹಿಂದೆ ‘ಪ’ಕಾರಕ್ಕೆ ಸಮೀಪವಾಗಿತ್ತು, ಆದುದರಿಂದ ಅದು ಕುಳಿತಿರುವುದು ನಮ್ಮ ಪವರ್ಗದ ಜಾಗದಲ್ಲಿಯೇ. ನಮ್ಮ ಹುಡುಗನಿಗೆ ಈ ಅನುಕ್ರಮ ಒಂದೇ ಸಂಜೆಯಲ್ಲಿ ಬಾಯಿಗೆ ಬಂದಿತೆಂದರೆ ಅದರ ಕೀರ್ತಿ ಆಟಕ್ಕಿಂತ ಅವನ ಒಂದನೆಯ ತರಗತಿಯ ಮೇಷ್ಟರಿಗೆ ಹೆಚ್ಚಾಗಿ ಸಲ್ಲಬೇಕು.

ಆದರೆ ತಾಳದ ಸಂಗತಿ ಬೇರೆ. ಕನ ಅಕ್ಷರವು ಧ್ವನಿಯೊಡನೆ ಕಾಲವನ್ನೂ ಸೂಚಿಸುತ್ತದೆ: ಒಂದು ಅಕ್ಷರಕ್ಕೆ ಒಂದು ಮಾತ್ರೆ. ಛಂದಸ್ಸಿನ ಪಾಠದಲ್ಲಿ ಪ್ರಸ್ತಾರ ಹಾಕಿ ಬೇಸತ್ತಿರುವ ವಿದ್ಯಾರ್ಥಿಗಳು ದಯವಿಟ್ಟು ಮತ್ತೊಮ್ಮೆ ಪೆನ್ಸಿಲು ಹಿಡಿಯಬೇಕು. ಜಪಾನಿಗೆ ಅಲ್ಲಿಯವರು ಹೇಳುವ ಹೆಸರುಗಳು ಎರಡು: ನಿಹೊನ್ ಮತ್ತು ನಿಪ್ಪೊನ್. ಮೊದಲನೆಯದು ಲಘು, ಗುರು, ಮೂರು ಮಾತ್ರೆ. ಎರಡನೆಯದು ಗುರು, ಗುರು, ನಾಲ್ಕು ಮಾತ್ರೆ. ಕನದಲ್ಲಿ ಬರೆದಾಗ ಮೊದಲನೆಯದಕ್ಕೆ ಮೂರು ಅಕ್ಷರ, ಎರಡನೆಯದಕ್ಕೆ ಸರಿಯಾಗಿ ನಾಲ್ಕು! ಕೊನೆಯ ‘ನ್’ ತಾನೇ ಒಂದು ಅಕ್ಷರ, ಒಂದು ಪೆಟ್ಟು. ‘ಪ್ಪ’ದ ಮೊದಲರ್ಧವನ್ನು ಚಿಕ್ಕದಾಗಿ ಬರೆದ ‘ತ್ಸು’ ಅಕ್ಷರ ಸೂಚಿಸುತ್ತದೆ. ಅದಕ್ಕೆ ಸ್ವಂತ ಧ್ವನಿಯಿಲ್ಲ, ಆದರೆ ಪೂರ್ಣ ಒಂದು ಮಾತ್ರೆಯ ಕಾಲವಿದೆ. ದೀರ್ಘಸ್ವರವು ನಮ್ಮಲ್ಲಿರುವಂತೆ ಎರಡು ಮಾತ್ರೆ. ನಾವು ಟೋಕಿಯೋ ಎಂದು ಐದು ಮಾತ್ರೆಗಳಲ್ಲಿ ಕರೆಯುವ ನಗರವನ್ನು ಅಲ್ಲಿಯ ಜನ ತೋಕ್ಯೋ ಎಂದು ನಾಲ್ಕರಲ್ಲಿ ಮುಗಿಸುತ್ತಾರೆ.

ಈ ಲೆಕ್ಕ ಕೇವಲ ಪಂಡಿತರ ವಿನೋದವಲ್ಲ. ‘ಕಿತೆ’ ಎಂದರೆ ‘ಬಾ’ ಎಂದು. ‘ಕಿತ್ತೆ’ ಎಂದರೆ ಅಂಚೆಯ ಚೀಟಿ. ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ. ಒಂದೇ ಒಂದು ಮಾತ್ರೆ ಹೆಚ್ಚಿಸಿ ‘ಒಬಾಸನ್’ ಎಂದರೆ ಅಜ್ಜಿ. ಮಧ್ಯವಯಸ್ಸಿನ ಗೃಹಿಣಿಯನ್ನು ಅಜ್ಜಿಯೆಂದು ಕರೆದವನಿಗೆ ಯಾವ ದೇಶದಲ್ಲಿಯೂ ಕ್ಷೇಮವಿಲ್ಲ. ಇಂಗ್ಲಿಷನ್ನಾಡುವ ವಿದ್ಯಾರ್ಥಿಗೆ ಈ ಭೇದ ಕಿವಿಗೇ ಹತ್ತುವುದು ಕಷ್ಟ. ಕನ್ನಡಿಗನಿಗೆ ಕಿವಿ ಸಿದ್ಧವಾಗಿಯೇ ಇದೆ. ಆದರೂ ಒಂದು ಕಡೆ ಅದು ಅವನನ್ನು ಮೋಸಗೊಳಿಸುತ್ತದೆ. ಅತಿಥಿ ಎಂಬರ್ಥದ ‘ಒಕ್ಯಕು’ ಪದವನ್ನು ನಾವು ಒತ್ತಕ್ಷರದ ಹಿಂದಿನದು ಗುರುವೆಂದು ನಾಲ್ಕು ಮಾತ್ರೆಗೆ ಎಳೆಯುತ್ತೇವೆ. ಜಪಾನಿಯಲ್ಲಿ ಅದು ಮೂರೇ. ‘ಕ್ಯ’ ಬರೆಯಲು ‘ಕಿ’ಯ ಪಕ್ಕದಲ್ಲಿ ಚಿಕ್ಕ ‘ಯ’ವನ್ನಿಡುತ್ತಾರೆ, ಈ ಚಿಕ್ಕ ‘ಯ’ಕ್ಕೆ, ಚಿಕ್ಕ ‘ತ್ಸು’ವಿನಂತಲ್ಲದೆ, ಪ್ರತ್ಯೇಕ ಮಾತ್ರೆಯಿಲ್ಲ.

ಪುಸ್ತಕದ ಪುಟದಲ್ಲಿ ಈ ಎರಡು ಚಿಕ್ಕ ಅಕ್ಷರಗಳೂ ಒಂದೇ ತೆರನಾಗಿ ಚಿಕ್ಕವು. ಒಂದು ಕಾಲವನ್ನು ತಿನ್ನುತ್ತದೆ, ಮತ್ತೊಂದು ತಿನ್ನುವುದಿಲ್ಲ ಎಂಬುದನ್ನು ನಿಯಮವಾಗಿ ಉರುಹೊಡೆಯಬೇಕು. ತಾಳಕ್ಕೆ ಹಾಕಿದೊಡನೆ ಒಂದು ಮೌನದ ಪೆಟ್ಟಾಗಿ ಕೈಗೇ ತಿಳಿಯುತ್ತದೆ, ಇನ್ನೊಂದು ಪಕ್ಕದ ಅಕ್ಷರದಲ್ಲಿ ಕರಗಿಹೋಗುತ್ತದೆ. ಹುಡುಗನೊಡನೆ ಮೇಜು ತಟ್ಟುತ್ತ ‘ಕಿ-ತ್-ತೆ’, ‘ಒ-ಕ್ಯ-ಕು’ ಎಂದು ಹೇಳಿ ನೋಡಿದಾಗ ನಮಗೂ ಇದು ಮನವರಿಕೆಯಾಯಿತು. ತಾಳದಾಟವು ಕನಕ್ಕೆ ಹೊರಗಿನಿಂದ ಅಂಟಿಸಿದ ಸಕ್ಕರೆಯ ಲೇಪವಲ್ಲ; ಆ ಲಿಪಿಯ ಒಳಗೇ ತಾಳವಿದೆ.

ಆಟಕ್ಕೆ ಇನ್ನೊಂದು ಬಲವೂ ಉಂಟು. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳಲ್ಲಿ ಕೆಲವರು ಒಂದು ಪಾಠವನ್ನು ಮರಳಿ ಮರಳಿ ಓದಿದರು. ಕೆಲವರು ಓದಿ, ಪುಟ ಮುಚ್ಚಿ, ನೆನಪಿನಿಂದ ಬರೆದರು. ಐದು ನಿಮಿಷಗಳ ಬಳಿಕ ಕೇಳಿದಾಗ ಮರಳಿ ಓದಿದವರದೇ ಮೇಲುಗೈ. ಒಂದು ವಾರದ ಬಳಿಕ ಕೇಳಿದಾಗ ಫಲಿತಾಂಶ ತಲೆಕೆಳಗಾಗಿತ್ತು: ನೆನಪಿನಿಂದ ಹೊರತೆಗೆದವರಲ್ಲಿಯೇ ಪಾಠ ಹೆಚ್ಚಾಗಿ ಉಳಿದಿತ್ತು. ಆಟವು ಆಟಗಾರನನ್ನು ಮಾತ್ರೆ ಮಾತ್ರೆಗೂ ಪ್ರಶ್ನಿಸುತ್ತದೆ. ಪುಟ ತಿರುವಿ ನೋಡಲು ಅವಕಾಶ ಕೊಡುವುದಿಲ್ಲ. ಸರಿತಪ್ಪುಗಳನ್ನು ಆ ಕ್ಷಣವೇ ತಿಳಿಸುತ್ತದೆ. ಇಷ್ಟು ತಾಳ್ಮೆಯ ಪರೀಕ್ಷಕನು ಮನುಷ್ಯರಲ್ಲಿ ದುರ್ಲಭ.

ಇಷ್ಟಾದಮೇಲೆ ನಾವು ಹುಡುಗನ ಕಿವಿಯ ತಂತಿಯನ್ನು ತೆಗೆಸಿದೆವು. ರಟ್ಟಿನ ಚೀಟಿಗಳ ಮೇಲೆ ಹಿರಗನಗಳನ್ನು ಬರೆದು, ಇಸ್ಪೀಟಿನ ಎಲೆಗಳಂತೆ ಕಲಸಿ, ಒಂದೊಂದನ್ನೇ ತೋರಿಸಿದೆವು. ನಾಲ್ಕೈದು ಅಕ್ಷರಗಳನ್ನು ಬಿಟ್ಟು ಉಳಿದುವನ್ನೆಲ್ಲ ಓದಿದ. ಅಕ್ಕನ ಮುಖ ಅರಳಿತು. ಸಂಗೀತವಿಲ್ಲದೆಯೂ, ಅನುಕ್ರಮವಿಲ್ಲದೆಯೂ ಅಕ್ಷರಗಳು ನಿಂತಿದ್ದುವು. ಇದು ಸಣ್ಣ ಮಾತಲ್ಲ. ಏಕೆಂದರೆ ಹಾಡಿನಂತೆ ಕಲಿತದ್ದು ಸರಪಳಿಯಾಗಿ ಕೂಡುವ ಅಪಾಯವುಂಟು. ‘ದ’ಕಾರದ ಹಿಂದೆ ಯಾವ ಅಕ್ಷರ ಎಂದು ಮಗುವನ್ನು ಕೇಳಿದರೆ ಅದು ‘ತ’ಕಾರದಿಂದ ಮೆಲ್ಲಗೆ ಹೇಳಿಕೊಂಡು ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಆಟವು ಅಕ್ಷರಗಳನ್ನು ಕಲಸಿ ಕೊಡುತ್ತಿದ್ದುದರಿಂದ ಹುಡುಗ ಆ ಸರಪಳಿಗೆ ಸಿಕ್ಕಿರಲಿಲ್ಲ.

ಬಳಿಕ ಕಾಗದ, ಪೆನ್ಸಿಲು ಕೊಟ್ಟು ಅವೇ ಅಕ್ಷರಗಳನ್ನು ಬರೆಯಹೇಳಿದೆವು. ಅರ್ಧದಷ್ಟೂ ಬರೆಯಲಾಗಲಿಲ್ಲ. ಕಂಡರೆ ಗುರುತಿಸುವ ಅಕ್ಷರ, ಕೇಳಿದರೆ ಕೈಗೆ ಬಾರದು! ಪರದೇಶದ ಹೆಸರುಗಳನ್ನು ಕತಕನದಲ್ಲಿ ಬರೆಯುವುದು ಜಪಾನಿನ ರೂಢಿ; ನಮ್ಮ ಹುಡುಗನ ಹೆಸರು ‘ಶಿ’ಯಿಂದ ಆರಂಭವಾಗುತ್ತದೆ. ಅವನು ಅಭಿಮಾನದಿಂದ ಬರೆದ ಮೊದಲಕ್ಷರ ‘ತ್ಸು’ ಆಗಿತ್ತು. ಈ ಎರಡೂ ಅಕ್ಷರಗಳಲ್ಲಿ ಎರಡು ಕಿರುಗೀಟು, ಒಂದು ಉದ್ದನೆಯ ಬಾಗು. ‘ಶಿ’ಯಲ್ಲಿ ಕಿರುಗೀಟುಗಳು ಒಂದರ ಕೆಳಗೊಂದು, ಬಾಗು ಎಡಗಡೆಯ ಕೆಳಗಿನಿಂದ ಮೇಲಕ್ಕೇರುತ್ತದೆ. ‘ತ್ಸು’ವಿನಲ್ಲಿ ಕಿರುಗೀಟುಗಳು ಅಕ್ಕಪಕ್ಕ, ಬಾಗು ಬಲಗಡೆಯ ಮೇಲಿನಿಂದ ಕೆಳಕ್ಕಿಳಿಯುತ್ತದೆ. ಭೇದವಿರುವುದು ಕೈಯ ಚಲನೆಯಲ್ಲಿ. ಮುಗಿದ ಅಕ್ಷರವನ್ನು ಬೆರಳಿನಿಂದ ಒತ್ತುವವನಿಗೆ ಅದು ಗೋಚರಿಸುವುದೇ ಇಲ್ಲ. ಫ್ರಾನ್ಸಿನ ಲೋಂಕಾಂ ಮತ್ತು ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇಲ್ಲಿ ಪ್ರಸ್ತುತ: ಮೂರರಿಂದ ಐದು ವರ್ಷದ ಮಕ್ಕಳಿಗೆ ಅಕ್ಷರ ಕಲಿಸಿದಾಗ, ಕೀಲಿ ಒತ್ತಿ ಕಲಿತವರಿಗಿಂತ ಕೈಯಿಂದ ಬರೆದು ಕಲಿತವರು, ಅವರಲ್ಲಿಯೂ ವಯಸ್ಸಿನಲ್ಲಿ ದೊಡ್ಡವರು, ಅಕ್ಷರಗಳನ್ನು ಉತ್ತಮವಾಗಿ ಗುರುತಿಸಿದರು. ಬರೆಯುವ ಕೈ ಓದುವ ಕಣ್ಣಿಗೂ ಪಾಠ ಹೇಳುತ್ತದೆ.

ಬೆಂಗಳೂರಿನಲ್ಲಿಯೂ ನಡೆಯುವ ಜಪಾನಿ ಭಾಷಾಸಾಮರ್ಥ್ಯ ಪರೀಕ್ಷೆಯಲ್ಲಿ ಉತ್ತರಗಳನ್ನು ಆರಿಸಿ ಗುರುತಿಸಿದರೆ ಸಾಕು, ಒಂದು ಅಕ್ಷರವನ್ನೂ ಕೈಯಿಂದ ಬರೆಯಬೇಕಾಗಿಲ್ಲ ಎಂದು ಹುಡುಗ ವಾದಿಸಿದ. ಮಾತು ನಿಜವೇ. ಆದರೆ ಪರೀಕ್ಷೆಯ ಆಚೆಗೆ ಕಾರ್ಖಾನೆಯೊಂದಿದೆ, ಅಲ್ಲಿ ಹೆಸರನ್ನು ಬರೆಯಬೇಕಾದ ಚೀಟಿಗಳಿರುತ್ತವೆ ಎಂದೆವು. ಸುಮ್ಮನಾದ.

ಕಂಜಿಯ ವಿಷಯದಲ್ಲಿ ಆಟದ ಹಿಡಿತ ಇನ್ನೂ ಸಡಿಲ. ನಿತ್ಯಬಳಕೆಗೆಂದು 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 2136 ಕಂಜಿಗಳಿವೆ. ಸಂಖ್ಯೆಯೊಂದೇ ತೊಡಕಲ್ಲ. ಸೂರ್ಯ ಅಥವಾ ದಿನ ಎಂಬರ್ಥದ ಒಂದೇ ಕಂಜಿಯನ್ನು ಒಂಟಿಯಾಗಿದ್ದಾಗ ‘ಹಿ’ ಎಂದೂ, ಭಾನುವಾರದ ಹೆಸರಿನಲ್ಲಿ ಮೊದಲು ‘ನಿಚಿ’ ಎಂದೂ, ನಿಹೊನ್ ಎಂಬಲ್ಲಿ ‘ನಿ’ ಎಂದೂ ಓದಬೇಕು. ಒಂದು ಕಡೆ ಒಂದು ಮಾತ್ರೆ, ಇನ್ನೊಂದು ಕಡೆ ಎರಡು. ಗೊತ್ತಾದ ಕಾಲವೇ ಇಲ್ಲದ ಅಕ್ಷರವನ್ನು ತಾಳಕ್ಕೆ ಕಟ್ಟುವುದೆಂತು?

ಹಾಗೆಂದು ಡೋಲಿನ ಆಟವು ಕಂಜಿಯನ್ನು ಕಲಿಸುವುದೇ ಇಲ್ಲವೆಂದಲ್ಲ. ಪ್ರತಿಯೊಂದು ಪೆಟ್ಟಿಗೂ ಅದು ಕಂಜಿಯಲ್ಲಿಯೇ ತೀರ್ಪು ಕೊಡುತ್ತದೆ: ಉತ್ತಮವಾದರೆ ‘ರ್‍ಯೋ’, ಪರವಾಗಿಲ್ಲವೆನಿಸಿದರೆ ‘ಕ’, ತಪ್ಪಿದರೆ ‘ಫುಕ’. ಮೂರನೆಯದರ ಮೊದಲ ಅಕ್ಷರ ‘ಫು’ ನಮ್ಮ ‘ಅಯೋಗ್ಯ’ದ ಅಕಾರದಂತೆ ನಿಷೇಧಾರ್ಥಕ. ನಮ್ಮ ಪೆಟ್ಟುಗಳ ಪ್ರಭಾವದಿಂದ ಈ ನಿಷೇಧದ ಅಕ್ಷರವನ್ನು ನಾವು ಬಹು ಚೆನ್ನಾಗಿ ಕಲಿತಿದ್ದೇವೆ.

ಅಕ್ಕನಿಗೆ ಕೊನೆಗೆ ಹೇಳಿದುದು ಇಷ್ಟು: ಹಗಲಿನಲ್ಲಿ ಅರ್ಧ ಗಂಟೆ ಆಡಲಿ, ರಾತ್ರಿ ಚೌಕದ ಗೆರೆಗಳಿರುವ ಪುಸ್ತಕದಲ್ಲಿ ಒಂದು ಪುಟ ಬರೆಯಲಿ, ಬರೆಯುವಾಗ ಅಕ್ಷರವನ್ನು ಬಾಯಲ್ಲಿ ಹೇಳಲಿ. ಮೂರು ವಾರಗಳ ಬಳಿಕ ಹೋದಾಗ ಅವನ ‘ಶಿ’ ಸರಿಯಾಗಿ ಕೆಳಗಿನಿಂದ ಮೇಲಕ್ಕೇರುತ್ತಿತ್ತು. ‘ಮಾಮ, ನಿಮ್ಮದು ಎಲ್ಲಿಗೆ ಬಂತು?’ ಎಂದು ಕೇಳಿದ. ಡೋಲಿನ ಆಟದಲ್ಲಿ ಮೆಟ್ಟಿಲುಗಳು ನಾಲ್ಕು: ‘ಕನ್ತನ್’ ಎಂದರೆ ಸುಲಭ, ‘ಫುತ್ಸೂ’ ಎಂದರೆ ಸಾಧಾರಣ, ‘ಮುಜುಕಶೀ’ ಎಂದರೆ ಕಠಿಣ, ಕಡೆಯದು ‘ಒನಿ’, ಎಂದರೆ ರಾಕ್ಷಸ. ನಾಲ್ಕೂ ಹೆಸರುಗಳು ಹಿರಗನದಲ್ಲಿವೆ, ನಾಲ್ಕನ್ನೂ ನಾವು ಸರಾಗವಾಗಿ ಓದಬಲ್ಲೆವು. ಆಡುವುದು ಮಾತ್ರ ಎರಡನೆಯದರಲ್ಲಿಯೇ ನಿಂತಿದೆ.