ಮೀನುಗಾರಿಕೆಯ ದೋಣಿಗಳಲ್ಲಿ ಪ್ರತಿಧ್ವನಿಯಂತ್ರ ಮತ್ತು ಜಿಪಿಎಸ್ ಆಂಟೆನಾ: ಆಯ್ಕೆ ಹಾಗೂ ಜೋಡಣೆ

ಉಪಕರಣಗಳ ಇತಿಹಾಸವೆಂದರೆ ಅವುಗಳನ್ನು ನಿರ್ಮಿಸಿದವರ ಚರಿತ್ರೆಯೆಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ. ಆದರೆ ಉಪಕರಣವು ಪ್ರಯೋಗಶಾಲೆಯನ್ನು ಬಿಟ್ಟು ದುಡಿಯುವವರ ಕೈಗೆ ಬಂದಮೇಲೆ ಅದನ್ನು ಎಲ್ಲಿ, ಹೇಗೆ ಕೂಡಿಸಬೇಕೆಂಬ ಪ್ರಶ್ನೆಯೂ ಆ ಇತಿಹಾಸದ ಒಂದು ಅಧ್ಯಾಯವೇ. ಇಂದು ಮೀನುಗಾರರ ದೋಣಿಗಳಲ್ಲಿ ಬಳಕೆಯಲ್ಲಿರುವ ಫಿಷ್ ಫೈಂಡರ್ ಮತ್ತು ಜಿಪಿಎಸ್ ಯಂತ್ರಗಳು ಇದಕ್ಕೆ ನಿದರ್ಶನ. ಪ್ರಕೃತ ಲೇಖನದಲ್ಲಿ ಇವುಗಳ ಹಿನ್ನೆಲೆಯನ್ನೂ ಜೋಡಣೆಯ ತತ್ತ್ವಗಳನ್ನೂ ವಿವರಿಸಿ, ಅವು ನಮ್ಮ ಕರಾವಳಿಯ ಅಧ್ಯಯನಕ್ಕೆ ಒಡ್ಡುವ ಒಂದು ಸಮಸ್ಯೆಯನ್ನು ಸೂಚಿಸಬಯಸುತ್ತೇವೆ.

ಸೀಸದ ಗುಂಡು ಕಟ್ಟಿದ ಹಗ್ಗವನ್ನು ಇಳಿಬಿಟ್ಟು ಕಡಲಿನ ಆಳವನ್ನು ಅಳೆಯುವ ಪದ್ಧತಿ ಶತಮಾನಗಳ ಕಾಲ ನಡೆದುಬಂದಿತು. 1912ರಲ್ಲಿ ಟೈಟಾನಿಕ್ ಹಡಗು ಮುಳುಗಿದ ದುರಂತವು, ನೀರಿನೊಳಗೆ ಶಬ್ದವನ್ನು ಕಳುಹಿಸಿ ಅದರ ಪ್ರತಿಧ್ವನಿಯನ್ನು ಗ್ರಹಿಸುವ ಪ್ರಯತ್ನಗಳಿಗೆ ಪ್ರೇರಣೆ ನೀಡಿತು. ಜರ್ಮನಿಯ ಅಲೆಕ್ಸಾಂಡರ್ ಬೆಮ್ 1913ರಲ್ಲಿ ಪ್ರತಿಧ್ವನಿಮಾಪನಕ್ಕೆ ಪೇಟೆಂಟ್ ಪಡೆದನು. ರೆಜಿನಾಲ್ಡ್ ಫೆಸೆಂಡನ್ 1914ರಲ್ಲಿ ಉತ್ತರ ಅಟ್ಲಾಂಟಿಕಿನಲ್ಲಿ ಹಿಮಬಂಡೆಯೊಂದರ ಪ್ರತಿಧ್ವನಿಯನ್ನು ಹಿಡಿದನು. ನಾರ್ವೆಯ ಆಸ್ಕರ್ ಸುಂಡ್, ಲೊಫೊಟೆನ್ ದ್ವೀಪಗಳ ಬಳಿಯ ಕಾಡ್ ಮೀನಿನ ಹಿಂಡುಗಳು ಪ್ರತಿಧ್ವನಿಯ ಕಾಗದದ ಮೇಲೆ ಮೂಡಿಸಿದ ಗುರುತುಗಳನ್ನು 1935ರಲ್ಲಿ ಪ್ರಕಟಿಸಿದನು. 1948ರಲ್ಲಿ ಜಪಾನಿನ ನಾಗಸಾಕಿ ಪ್ರಾಂತದ ಫುರುನೊ ಸಹೋದರರು ಮೀನುಗಾರರು ಕೊಳ್ಳಬಹುದಾದ ಯಂತ್ರವನ್ನು ಸಿದ್ಧಗೊಳಿಸಿದರು. ಹೀಗೆ ಆಳವನ್ನು ಅಳೆಯಲು ಹುಟ್ಟಿದ ಸಾಧನವು ಮೀನನ್ನು ಕಾಣುವ ಸಾಧನವಾಯಿತು.

ಇದರ ತತ್ತ್ವ ಸರಳವಾದುದು. ಸಮುದ್ರದ ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1500 ಮೀಟರು ಚಲಿಸುತ್ತದೆ. 75 ಮೀಟರು ಆಳದ ತಳವನ್ನು ಮುಟ್ಟಿ ಹಿಂದಿರುಗಲು ಅದಕ್ಕೆ ಸೆಕೆಂಡಿನ ಹತ್ತನೆಯ ಒಂದು ಭಾಗ ಸಾಕು. ನಡುವೆ ಮೀನಿದ್ದರೆ, ಮುಖ್ಯವಾಗಿ ಅದರ ಒಡಲಿನೊಳಗಿನ ಗಾಳಿಚೀಲವು ಶಬ್ದವನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಗಾಳಿಚೀಲವಿಲ್ಲದ ಶಾರ್ಕಿನಂತಹ ಮೀನುಗಳು ಆದಕಾರಣ ಮಂಕಾಗಿ ಕಾಣುತ್ತವೆ. ಬಳಕೆಯಲ್ಲಿರುವ ಆವರ್ತನಗಳಲ್ಲಿ 50 ಕಿಲೊಹರ್ಟ್ಸ್ ಮತ್ತು 200 ಕಿಲೊಹರ್ಟ್ಸ್ ಪ್ರಸಿದ್ಧವಾದವು. ಮೊದಲನೆಯದರ ಅಲೆಯುದ್ದ 3 ಸೆಂಟಿಮೀಟರು. ಅದು ಹೆಚ್ಚು ಆಳಕ್ಕೆ ಇಳಿಯುತ್ತದೆಯಾದರೂ ಸೂಕ್ಷ್ಮತೆ ಕಡಮೆ. ಎರಡನೆಯದರ ಅಲೆಯುದ್ದ 7.5 ಮಿಲಿಮೀಟರು, ಅದು ಬೇಗ ಕ್ಷೀಣಿಸುತ್ತದೆ, ಆದರೆ ತಳಕ್ಕೆ ಅಂಟಿಕೊಂಡಿರುವ ಮೀನನ್ನೂ ಬಿಡಿಸಿ ತೋರಬಲ್ಲದು. ಆದ್ದರಿಂದ ಯಂತ್ರದ ಬೆಲೆಗಿಂತ ಮೊದಲು ದೋಣಿಯು ದುಡಿಯುವ ನೀರಿನ ಆಳವನ್ನು ವಿಚಾರಿಸತಕ್ಕದ್ದು.

ಶಬ್ದವನ್ನು ಕಳುಹಿಸಿ ಗ್ರಹಿಸುವ ಟ್ರಾನ್ಸ್‌ಡ್ಯೂಸರಿನ ಪರಮಶತ್ರು ಗಾಳಿಗುಳ್ಳೆ. ದೋಣಿಯ ಮೂತಿ ಅಲೆಯನ್ನು ಸೀಳುವಾಗ ಏಳುವ ಗುಳ್ಳೆಗಳು ತಳದ ಗುಂಟ ಹರಿದು ಟ್ರಾನ್ಸ್‌ಡ್ಯೂಸರನ್ನು ಮುಸುಕಿದರೆ ಪರದೆಯ ಮೇಲೆ ಗೊಂದಲವಲ್ಲದೆ ಬೇರೇನೂ ಕಾಣದು. ಆದಕಾರಣ ದೋಣಿಯು ಚಲಿಸುವಾಗಲೂ ಸದಾ ನೀರಿನೊಳಗೇ ಇರುವ, ನೀರು ನಯವಾಗಿ ಹರಿಯುವ, ಪ್ರೊಪೆಲ್ಲರಿಗೆ ಮುಂದೆ ಸಾಕಷ್ಟು ದೂರವಿರುವ ಸ್ಥಳವನ್ನು ಆರಿಸಬೇಕು. ಎಂಜಿನ್ನಿನ ನೀರು ಹೊರಬೀಳುವ ರಂಧ್ರದ ಹಿಂಬದಿ ವರ್ಜ್ಯ. ಇಳಿಜಾರಾದ ತಳದಲ್ಲಿ ಮರದ ದಿಮ್ಮಿಯನ್ನು ಕೂಡಿಸಿ, ಮುಖವು ನೇರ ಕೆಳಕ್ಕೆ ನೋಡುವಂತೆ ಮಾಡುವುದು ಅವಶ್ಯಕ. ದೋಣಿಯು ಯಾವುದರಿಂದ ಆಗಿದೆಯೆಂಬುದೂ ಗಮನಾರ್ಹ: ಮರವು ನೀರು ಕುಡಿದು ಉಬ್ಬುವುದರಿಂದ, ಅದರಲ್ಲಿ ತೂರಿಸಿದ ಪ್ಲಾಸ್ಟಿಕ್ ಕವಚವು ಬಿರಿಯಬಹುದು, ಅಲ್ಲಿ ಕಂಚು ಲೇಸು, ಅಲ್ಯೂಮಿನಿಯಂ ಅಥವಾ ಉಕ್ಕಿನ ದೋಣಿಯಲ್ಲಿ ಕಂಚನ್ನು ಇಟ್ಟರೆ ಉಪ್ಪುನೀರಿನಲ್ಲಿ ಎರಡು ಲೋಹಗಳ ನಡುವೆ ವಿದ್ಯುತ್ ಹರಿದು ತಳವೇ ಸವೆಯುತ್ತದೆ.

ಜಿಪಿಎಸ್‌ನ ಮೊದಲ ಉಪಗ್ರಹವು 1978ರಲ್ಲಿ ಹಾರಿತು. 1995ರಲ್ಲಿ ವ್ಯವಸ್ಥೆಯು ಪೂರ್ಣಗೊಂಡಿತು. ನಾಗರಿಕರ ಸಂಕೇತದಲ್ಲಿ ಬೇಕೆಂದೇ ಬೆರೆಸಿದ್ದ ದೋಷವನ್ನು 2000ದ ಮೇ ತಿಂಗಳಲ್ಲಿ ತೆಗೆಯಲಾಯಿತು. ಸುಮಾರು 20,200 ಕಿಲೊಮೀಟರು ಎತ್ತರದಿಂದ ಬರುವ ಈ ಸಂಕೇತ ಅತ್ಯಂತ ದುರ್ಬಲ. ಸ್ಥಾನವನ್ನು ನಿರ್ಣಯಿಸಲು ಕನಿಷ್ಠ ನಾಲ್ಕು ಉಪಗ್ರಹಗಳಾದರೂ ಬೇಕು. ಆದ್ದರಿಂದ ಆಂಟೆನಾಕ್ಕೆ ಎಲ್ಲ ದಿಕ್ಕಿನ ಆಕಾಶವೂ ತೆರೆದಿರಬೇಕು. ರೇಡಾರಿನ ಕಿರಣದ ದಾರಿಯಲ್ಲಿ ಅದು ಇರಕೂಡದು. ಹಾಗೆಂದು ಅದನ್ನು ಕೂವೆಮರದ ತುದಿಗೇರಿಸುವುದೂ ಯುಕ್ತವಲ್ಲ. ದೋಣಿಯು 15 ಡಿಗ್ರಿ ವಾಲಿದರೆ 10 ಮೀಟರು ಎತ್ತರದ ಆಂಟೆನಾ ಪಕ್ಕಕ್ಕೆ ಸುಮಾರು 2.6 ಮೀಟರು ತೂಗುತ್ತದೆ. ನಿಧಾನವಾಗಿ ಬಲೆಯೆಳೆಯುವ ದೋಣಿಯ ವೇಗವನ್ನೂ ದಿಕ್ಕನ್ನೂ ಯಂತ್ರವು ಆಗ ತಪ್ಪಾಗಿ ತೋರುತ್ತದೆ. ಚುಕ್ಕಾಣಿಕೋಣೆಯ ಮಾಡಿನ ಮೇಲಿನ ತೆರೆದ ಎಡೆಯೇ ಸಾಮಾನ್ಯವಾಗಿ ಉಚಿತವಾದುದು.

ಅಂಕಿಗಳನ್ನು ಓದುವ ಕ್ರಮದಲ್ಲಿಯೂ ಎಚ್ಚರ ಬೇಕು. 13 ಡಿಗ್ರಿ 30 ಮಿನಿಟೂ 13.30 ಡಿಗ್ರಿಯೂ ಒಂದೇ ಅಲ್ಲ. ಎರಡರ ನಡುವೆ 12 ನಾಟಿಕಲ್ ಮೈಲಿ, ಎಂದರೆ ಸುಮಾರು 22 ಕಿಲೊಮೀಟರು ಅಂತರವಿದೆ. ಅಪಾಯದಲ್ಲಿರುವ ದೋಣಿಯು ತನ್ನ ಸ್ಥಾನವನ್ನು ದಡಕ್ಕೆ ತಿಳಿಸುವಾಗ ಈ ಅಂತರವು ಪ್ರಾಣಹಾನಿಗೂ ಕಾರಣವಾಗಬಲ್ಲದು. ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು, ಮೀನು ಸಿಗಬಹುದಾದ ಪ್ರದೇಶಗಳನ್ನು ಅಕ್ಷಾಂಶ ರೇಖಾಂಶಗಳಲ್ಲಿಯೇ ತಿಳಿಸುವುದರಿಂದ, ಈ ಓದು ದಿನನಿತ್ಯದ ಅವಶ್ಯಕತೆಯೂ ಆಗಿದೆ.

ಇನ್ನು ಇತಿಹಾಸದ ವಿದ್ಯಾರ್ಥಿಗೆ ಸಂಬಂಧಿಸಿದ ವಿಷಯ. ಯಂತ್ರಗಳಿಗೆ ಮೊದಲು ನಮ್ಮ ಕರಾವಳಿಯವರು ಕಡಲ ಮೇಲಿನ ತಾಣವನ್ನು ದಡದ ಗುರುತುಗಳಿಂದ ತಿಳಿಯುತ್ತಿದ್ದರು. ಕುದುರೆಮುಖದ ಶಿಖರವು ನಾವಿಕರಿಗೆ ಹಿಂದಿನಿಂದಲೂ ಒಂದು ಹೆಗ್ಗುರುತು. ನೀರಿನ ಬಣ್ಣ, ಹಕ್ಕಿಗಳ ಹಾರಾಟ ಇವು ಮೀನಿನ ಸೂಚನೆಗಳು. 1970ರ ದಶಕದಲ್ಲಿ ಪರ್ಸೀನ್ ಬಲೆಯು ಬಂದು ರಂಪಣಿಯು ಹಿಂದೆ ಸರಿದಾಗ, ಊರಿಗೆ ಊರೇ ಕೂಡಿ ಬಲೆಯೆಳೆಯುವ ವ್ಯವಸ್ಥೆಯೊಂದಿಗೆ ಆ ತಿಳಿವಳಿಕೆಯ ಬಹುಭಾಗವೂ ಸಡಿಲಗೊಂಡಿತು. ಈಗ ತಾಣಗಳ ಹೆಸರುಗಳು ಅಂಕಿಗಳಾಗಿ ಯಂತ್ರದ ನೆನಪಿನಲ್ಲಿ ಕುಳಿತಿವೆ. ಹೆಸರಿಗೆ ಹಿನ್ನೆಲೆಯಿರುತ್ತದೆ, ಅಂಕಿಗೆ ಇಲ್ಲ. ಯಂತ್ರ ಕೆಟ್ಟರೆ ಅಂಕಿಯೂ ಅಳಿಯುತ್ತದೆ. ಇದಲ್ಲದೆ, ಹಿರಿಯನೊಬ್ಬನಿಗೆ ಮಾತ್ರ ತಿಳಿದಿದ್ದ ತಾಣಕ್ಕೆ ಇಂದು ಅಂಕಿಯನ್ನು ಪಡೆದ ಯಾರಾದರೂ ಕೆಲವೇ ಮೀಟರುಗಳ ಅಂತರದಲ್ಲಿ ಹಿಂದಿರುಗಬಹುದು. ಮೀನಿಗೆ ಇದ್ದ ಮರೆ ಅಷ್ಟರಮಟ್ಟಿಗೆ ಇಲ್ಲವಾಗಿದೆ.

ಯಂತ್ರವನ್ನು ದೂರುವುದು ನಮ್ಮ ಉದ್ದೇಶವಲ್ಲ. ಅದು ಉಳಿಸಿದ ಶ್ರಮವೂ ಜೀವಗಳೂ ಅಲ್ಪವಲ್ಲ. ಕರಾವಳಿಯ ಕಾಲೇಜುಗಳ ವಿದ್ಯಾರ್ಥಿಗಳು ತಾಂಡೇಲರ ಬಳಿಗೆ ಹೋಗಿ, ಒಂದೊಂದು ತಾಣದ ಅಂಕಿಯ ಜೊತೆಗೆ ಅದರ ಹಳೆಯ ಹೆಸರನ್ನೂ ದಡದ ಗುರುತನ್ನೂ, ತಾಂಡೇಲರ ಒಪ್ಪಿಗೆ ಪಡೆದು, ಬರೆದಿಡುವುದಾದರೆ ಶಾಸನಗಳಿಲ್ಲದ ಕಡಲಿಗೂ ಒಂದು ದಾಖಲೆ ಒದಗುವುದು. ಹೆಸರುಗಳನ್ನು ಬಲ್ಲ ಹಿರಿಯರು ಇರುವಾಗಲೇ ಈ ಕಾರ್ಯ ನಡೆಯಬೇಕಾಗಿದೆ.