ಹಳೆಯ ಟ್ರ್ಯಾಕ್ಟರಿನ ಹಿಂದೆ ಹುಲ್ಲು ಕೊಯ್ಯುವ ಯಂತ್ರವನ್ನು ಹೂಡುವ ಕ್ರಮ

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸೀಮೆಗಳಲ್ಲಿ ವರ್ಷಕ್ಕೆ ಬೀಳುವ ಮಳೆಯು ಸುಮಾರು 600 ಮಿಲಿಮೀಟರು ಮಾತ್ರ. ಈ ಅಲ್ಪ ಮಳೆಗೂ ಬೀಳುಭೂಮಿಗಳಲ್ಲಿ, ಬದುಗಳ ಮೇಲೆ, ಗೋಮಾಳಗಳಲ್ಲಿ ಹುಲ್ಲು ಬೆಳೆಯುತ್ತದೆ. ಆದರೆ ಸಕಾಲದಲ್ಲಿ ಕೊಯ್ಯುವ ಆಳುಗಳು ದೊರೆಯದೆ ಅದು ನಿಂತಲ್ಲಿಯೇ ಒಣಗಿ ಕಸುವನ್ನು ಕಳೆದುಕೊಳ್ಳುತ್ತದೆ. ಅದೇ ಒಕ್ಕಲಿಗನು ಬೇಸಿಗೆಯಲ್ಲಿ ಜೋಳದ ಕಣಿಕೆಯನ್ನು ಹಣ ತೆತ್ತು ತರಬೇಕಾಗುತ್ತದೆ. ಹೊಸ ಟ್ರ್ಯಾಕ್ಟರನ್ನು ಕೊಂಡವರ ಮನೆಯಲ್ಲಿ ಹಳೆಯದೊಂದು ಮೂಲೆಯಲ್ಲಿ ನಿಂತಿರುವುದುಂಟು. ಅದನ್ನು ಹುಲ್ಲು ಕೊಯ್ಯುವುದಕ್ಕೆ ಉಪಯೋಗಿಸಬಹುದೇ ಎಂದು ಅನೇಕರು ಕೇಳುತ್ತಾರೆ. ಉಪಯೋಗಿಸಬಹುದು, ಆದರೆ ಅಂಥ ಟ್ರ್ಯಾಕ್ಟರಿನ ಒಂದು ಸ್ವಭಾವವನ್ನು ಮೊದಲು ಅರಿತುಕೊಳ್ಳತಕ್ಕದ್ದು. ಅರಿಯದೆ ಹೂಡಿದರೆ ಪ್ರಾಣಾಪಾಯವುಂಟು.

1. ಯಂತ್ರದ ಆಯ್ಕೆ

ಎಳೆಯುವ ಯಂತ್ರವೆಂದರೆ ತನ್ನ ಗಾಲಿಗಳ ಮೇಲೆಯೇ ನಿಂತು ಬಂಡಿಯಂತೆ ಟ್ರ್ಯಾಕ್ಟರಿನ ಹಿಂದೆ ಬರತಕ್ಕದ್ದು. ಇದರ ಭಾರವನ್ನು ಎತ್ತಿ ಹಿಡಿಯುವ ಕೆಲಸ ಟ್ರ್ಯಾಕ್ಟರಿಗಿಲ್ಲ. ಆದುದರಿಂದ ಹೈಡ್ರಾಲಿಕ್ ಸೋತ ಹಳೆಯ ಗಾಡಿಗೆ ಇದೇ ಅನುಕೂಲವು. ಇವುಗಳಲ್ಲಿ ಎರಡು ಬಗೆಗಳಿವೆ. ಕತ್ತರಿಯಂತೆ ಅತ್ತಿತ್ತ ಓಡುವ ಹಲ್ಲುಪಟ್ಟಿಯ ಯಂತ್ರವು ಹುಲ್ಲನ್ನು ಬುಡದಲ್ಲಿ ಕೊಯ್ದು ಉದ್ದಕ್ಕೆ ಮಲಗಿಸುತ್ತದೆ. ಬಣವೆಗೆ ಇದೇ ಉತ್ತಮ. ಭಾರವಾದ ಬ್ಲೇಡುಗಳು ತಿರುಗುವ ಯಂತ್ರವು ಹುಲ್ಲನ್ನು ಚೂರು ಮಾಡುತ್ತದೆ. ಕಸ, ಒರಟು ಹುಲ್ಲು, ಎಳೆಯ ಜಾಲಿಯ ಚಿಗುರು ಇವುಗಳನ್ನು ಸವರಿ ಗೋಮಾಳವನ್ನು ಹಸನು ಮಾಡಲು ಇದು ತಕ್ಕದ್ದು. 5 ಅಡಿ ಅಗಲದ ಇಂಥ ಯಂತ್ರಕ್ಕೆ ಸುಮಾರು 25ರಿಂದ 30 ಅಶ್ವಶಕ್ತಿ ಬೇಕು. ಮುಂದೆ ಹೇಳುವ ಅಪಾಯವು ಮುಖ್ಯವಾಗಿ ಈ ಎರಡನೆಯ ಬಗೆಗೆ ಸೇರಿದ್ದು.

2. ಹಳೆಯ ಟ್ರ್ಯಾಕ್ಟರಿನ ಸ್ವಭಾವ

ಯಂತ್ರವನ್ನು ತಿರುಗಿಸುವ ಹಿಂದಿನ ಶಾಫ್ಟಿಗೆ ಪಿ.ಟಿ.ಓ. ಎಂದು ಹೆಸರು. ಈಚಿನ ಅನೇಕ ಟ್ರ್ಯಾಕ್ಟರುಗಳಲ್ಲಿ ಇದಕ್ಕೆ ಬೇರೆಯೇ ಕ್ಲಚ್ಚು ಇರುತ್ತದೆ. 1946ರಿಂದ 1956ರ ವರೆಗೆ ತಯಾರಾದ ಫರ್ಗ್ಯುಸನ್ ಟಿ.ಇ.-20ರಂಥ ಹಳೆಯವುಗಳಲ್ಲಿ ಗಾಲಿಗೂ ಪಿ.ಟಿ.ಓ.ಗೂ ಒಂದೇ ಕ್ಲಚ್ಚು. ಚಾಲಕನು ಕ್ಲಚ್ಚನ್ನು ತುಳಿದರೆ ಎಂಜಿನಿನ ಸಂಬಂಧವು ಕಡಿಯುತ್ತದೆ. ಆದರೆ ಗೇರುಪೆಟ್ಟಿಗೆಗೂ ಹಿಂದಿನ ಯಂತ್ರಕ್ಕೂ ಇರುವ ಸಂಬಂಧವು ಕಡಿಯುವುದಿಲ್ಲ. ಭಾರವಾದ ಬ್ಲೇಡು ರಭಸದಿಂದ ತಿರುಗುತ್ತಲೇ ಇದ್ದು, ಆ ರಭಸವು ಶಾಫ್ಟಿನ ಮೂಲಕ ಗೇರುಪೆಟ್ಟಿಗೆಗೆ ಬಂದು, ಗಾಲಿಗಳನ್ನು ಮುಂದಕ್ಕೆ ನೂಕುತ್ತದೆ. ನಿಂತೀತೆಂದು ನಂಬಿದ ಗಾಡಿಯು ನಿಲ್ಲದೆ ಹಲವು ಮಾರು ಮುಂದೆ ಸಾಗುವುದು. ಎದುರಿಗೆ ಬಾವಿಯೋ, ಹಳ್ಳದ ದಂಡೆಯೋ, ದನ ಕಾಯುವ ಹುಡುಗನೋ ಇದ್ದರೆ ಪರಿಣಾಮವೇನೆಂಬುದನ್ನು ಹೇಳಬೇಕಾಗಿಲ್ಲ.

ನಿಮ್ಮ ಗಾಡಿ ಯಾವ ಬಗೆಯದೆಂದು ತಿಳಿಯಲು, ಯಂತ್ರವನ್ನು ಕಟ್ಟದೆ, ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಎಂಜಿನನ್ನು ಮೆಲ್ಲಗೆ ಓಡಿಸಿ ಪಿ.ಟಿ.ಓ.ವನ್ನು ಹಾಕಿರಿ. ಕ್ಲಚ್ಚನ್ನು ಅರ್ಧ ತುಳಿದಾಗ ಗಾಲಿಗಳ ಸಂಬಂಧ ಮಾತ್ರ ಕಡಿದು, ಪೂರ್ತಿ ತುಳಿದಾಗಲೇ ಶಾಫ್ಟು ನಿಲ್ಲುವುದಾದರೆ ಅದು ಎರಡು ಹಂತದ ಕ್ಲಚ್ಚು. ಅಂಥ ಹಂತವೇ ಇಲ್ಲದೆ ಎರಡೂ ಒಟ್ಟಿಗೆ ನಿಲ್ಲುವುದಾದರೆ ಅದು ಒಂದೇ ಕ್ಲಚ್ಚಿನ ಗಾಡಿ. ಸಂಶಯವಿದ್ದಲ್ಲಿ ಬಲ್ಲ ಮೇಸ್ತ್ರಿಗೆ ತೋರಿಸತಕ್ಕದ್ದು.

3. ಪರಿಹಾರ

ಇದಕ್ಕೆ ಸುಲಭವಾದ ಉಪಾಯವಿದೆ. ಬೈಸಿಕಲ್ಲಿನ ಫ್ರೀವೀಲನ್ನು ಎಲ್ಲರೂ ಕಂಡಿದ್ದಾರೆ: ಪೆಡಲು ಗಾಲಿಯನ್ನು ತಿರುಗಿಸುತ್ತದೆ, ಗಾಲಿಯು ಪೆಡಲನ್ನು ತಿರುಗಿಸಲಾರದು. ಅದೇ ತತ್ತ್ವದ ಓವರ್‌ರನ್ನಿಂಗ್ ಕಪ್ಲರ್ ಎಂಬ ಜೋಡಣೆಯನ್ನು ಪಿ.ಟಿ.ಓ.ದ ತುದಿಗೆ ಹಾಕಿದರೆ, ಟ್ರ್ಯಾಕ್ಟರು ಬ್ಲೇಡನ್ನು ತಿರುಗಿಸುವುದೇ ಹೊರತು ಬ್ಲೇಡು ಟ್ರ್ಯಾಕ್ಟರನ್ನು ನೂಕಲಾರದು. ಒಂದೇ ಕ್ಲಚ್ಚಿನ ಗಾಡಿಗೆ ಇದಿಲ್ಲದೆ ಬ್ಲೇಡಿನ ಯಂತ್ರವನ್ನು ಎಂದಿಗೂ ಹೂಡಕೂಡದು.

ದಿನವೂ ಕೆಲಸಕ್ಕೆ ಮೊದಲು, ಎಂಜಿನನ್ನು ನಿಲ್ಲಿಸಿ, ಚಾವಿಯನ್ನು ತೆಗೆದಿಟ್ಟು, ಪಿ.ಟಿ.ಓ. ಸನ್ನೆಯನ್ನು ಹಾಕಿ ಈ ಜೋಡಣೆಯನ್ನು ಕೈಯಿಂದ ತಿರುವಿ ನೋಡಿರಿ. ಹಿಂದಿನಿಂದ ನೋಡುವವನಿಗೆ ಗಡಿಯಾರದ ಮುಳ್ಳಿನ ದಿಕ್ಕಿಗೆ ಅದು ಸಡಿಲವಾಗಿ ತಿರುಗಬೇಕು. ಎದುರು ದಿಕ್ಕಿಗೆ ಹಿಡಿದು ನಿಲ್ಲಬೇಕು.

ಇದನ್ನು ಹಾಕಿದ ಮೇಲೆ ಶಾಫ್ಟಿನ ಉದ್ದವು ಹೆಚ್ಚುತ್ತದೆ. ತೀವ್ರವಾಗಿ ತಿರುಗುವಾಗ ಮತ್ತು ಬದುವನ್ನು ದಾಟುವಾಗ ಒಳಕೊಳವೆಯು ತಳಕ್ಕೆ ಮುಟ್ಟಿದರೆ ಬೇರಿಂಗು ಮುರಿಯುವುದು. ಎಳೆದಾಗ ತೀರ ಹೊರಗೆ ಬಂದರೆ ಶಾಫ್ಟು ಕಳಚಿ ಬಡಿಯುವುದು. ಕೊಳವೆಯ ಮೂರನೆಯ ಒಂದು ಪಾಲಾದರೂ ಒಳಗೆ ಕೂಡಿಕೊಂಡೇ ಇರಬೇಕು. ನಿಮಿಷಕ್ಕೆ 540 ಸುತ್ತಿನ ಪಿ.ಟಿ.ಓ.ದ ತುದಿಯಿಂದ ಎಳೆಯುವ ಪಿನ್ನಿಗೆ 14 ಅಂಗುಲ ಅಂತರವು ಸಾಮಾನ್ಯ ನಿಯಮವು.

4. ಶಾಫ್ಟಿನ ಮುಚ್ಚಳ

540 ಸುತ್ತೆಂದರೆ ಸೆಕೆಂಡಿಗೆ 9 ಸುತ್ತು. ಧೋತರದ ಅಂಚು, ಸೀರೆಯ ಸೆರಗು, ಹೆಗಲ ವಲ್ಲಿ ಇವುಗಳಲ್ಲಿ ಯಾವುದು ತಗುಲಿದರೂ ಒಂದೇ ಸೆಕೆಂಡಿನಲ್ಲಿ ಹಲವು ಅಡಿ ಬಟ್ಟೆಯನ್ನು ಶಾಫ್ಟು ಸುತ್ತಿಕೊಳ್ಳುತ್ತದೆ, ಕೂಗುವುದಕ್ಕೂ ಸಮಯವಿರದು. ಹಳೆಯ ಗಾಡಿಗಳ ಮುಚ್ಚಳವು ಎಂದೋ ಕಳೆದುಹೋಗಿರುವುದುಂಟು. ಹೊಸದನ್ನು ಹಾಕಿಸಿಯೇ ಕೆಲಸಕ್ಕೆ ಇಳಿಯತಕ್ಕದ್ದು. ತಿರುಗುವ ಶಾಫ್ಟನ್ನು ದಾಟಕೂಡದು.

5. ಕೊಯ್ಯುವ ವಿಧಾನ

ಮೊದಲು ಹೊಲವನ್ನು ಕಾಲ್ನಡಿಗೆಯಲ್ಲಿ ಸುತ್ತಿ ಕಲ್ಲು, ತಂತಿ, ಮೋಟುಗಳನ್ನು ತೆಗೆಯಿರಿ. 5 ಅಡಿಯ ವೃತ್ತದಲ್ಲಿ ನಿಮಿಷಕ್ಕೆ 900 ಸುತ್ತು ತಿರುಗುವ ಬ್ಲೇಡಿನ ತುದಿಯು ಸೆಕೆಂಡಿಗೆ ಸುಮಾರು 235 ಅಡಿ ಓಡುತ್ತದೆ. ಅದು ಎಸೆದ ಕಲ್ಲು ಗುಂಡಿನಂತೆ ಹಾರುವುದು. ಆದುದರಿಂದ 300 ಅಡಿಯ ಒಳಗೆ ಜನರೂ ದನಗಳೂ ಇರಕೂಡದು. ಹೊಲದ ನಡುವಿನಿಂದ ಅಂಚಿಗೆ ಕೊಯ್ಯುತ್ತ ಬಂದರೆ ಹುಲ್ಲಿನಲ್ಲಿ ಅಡಗಿದ ಬುರಲಿ, ಗೌಜುಗ ಮುಂತಾದ ಹಕ್ಕಿಗಳು ತಪ್ಪಿಸಿಕೊಳ್ಳುತ್ತವೆ.

ಹುಲ್ಲು ದಟ್ಟವಾಗಿದ್ದರೆ ಎಂಜಿನಿನ ವೇಗವನ್ನು ಇಳಿಸದೆ ಕೆಳಗಿನ ಗೇರಿನಲ್ಲಿ ನಡೆಯಿರಿ. ಒಂದೇ ಕ್ಲಚ್ಚಿನ ಗಾಡಿ ನಿಂತರೆ ಬ್ಲೇಡಿನ ಬಲವೂ ನಿಂತು ಹುಲ್ಲು ಸಿಕ್ಕಿಕೊಳ್ಳುವುದು. ಕಪ್ಪತಗುಡ್ಡದ ಅಂಚಿನ ಇಳಿಜಾರು ಹೊಲಗಳಲ್ಲಿ ಇಳಿಯುವಾಗ ಕೆಳಗಿನ ಗೇರನ್ನೇ ಹಾಕಿ, ಕ್ಲಚ್ಚನ್ನು ತುಳಿಯದೆ ಬರತಕ್ಕದ್ದು. ಹಿಂದಿನ ಯಂತ್ರಕ್ಕೆ ಬ್ರೇಕು ಇಲ್ಲ. ಕಪ್ಲರ್ ಇದ್ದರೂ ಬ್ಲೇಡು ಸ್ವಲ್ಪ ಹೊತ್ತು ತಿರುಗುತ್ತಲೇ ಇರುವುದು. ಅದು ಪೂರ್ತಿ ನಿಲ್ಲುವ ವರೆಗೆ ಪೀಠದಿಂದ ಇಳಿಯಬೇಡಿರಿ.

ಮೇವಿನ ಹುಲ್ಲನ್ನು ಹೂ ಬಿಡಲಾರಂಭಿಸಿದಾಗ, ನೆಲದಿಂದ 3ರಿಂದ 4 ಅಂಗುಲ ಬಿಟ್ಟು ಕೊಯ್ಯತಕ್ಕದ್ದು. ಬುಡ ಉಳಿದರೆ ಮತ್ತೆ ಚಿಗುರುವುದು. ಚೆನ್ನಾಗಿ ಒಣಗಿದ ಮೇಲೆಯೇ ಬಣವೆ ಒಟ್ಟಬೇಕು. ಹಸಿಯದು ಬೂಷ್ಟು ಹಿಡಿಯುವುದು. ಕಾಂಗ್ರೆಸ್ ಕಸವನ್ನು ಹೂವಿಗೆ ಮೊದಲೇ ಸವರಿ, ಮೇವಿನೊಡನೆ ಬೆರೆಯದಂತೆ ನೋಡಿಕೊಳ್ಳಬೇಕು.

6. ಊರ ಹಿರಿಯರ ಕರ್ತವ್ಯ

ಗೋಮಾಳವನ್ನು ಕೊಯ್ಯಿಸುವ ದಿನವನ್ನು ಮುನ್ನಾದಿನವೇ ಡಂಗುರ ಹೊಡೆಯಿಸಿ ತಿಳಿಸಿರಿ. ದನಗಾಹಿಗಳಿಗೆ ಆ ದಿನ ಬೇರೆ ಜಾಗವನ್ನು ಗೊತ್ತುಮಾಡಿರಿ. ಬಾಡಿಗೆಗೆ ಬರುವ ಗಾಡಿಯ ಕಪ್ಲರನ್ನೂ ಶಾಫ್ಟಿನ ಮುಚ್ಚಳವನ್ನೂ ಕಣ್ಣಾರೆ ನೋಡಿದ ಹೊರತು ಕೆಲಸಕ್ಕೆ ಒಪ್ಪಿಗೆ ಕೊಡಬೇಡಿರಿ. ಮೇವಿನ ವಿಷಯದಲ್ಲಿ ಹೆಚ್ಚಿನ ತಿಳಿವಳಿಕೆ ಬೇಕಾದವರು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.